ಉಪ್ಪಿನಂಗಡಿ ಸೀಮೆಯ ಬಡವರ ಪಾಕಕ್ರಮ

೧

ಕರ್ಣಾಟಕದಲ್ಲಿ ಪಾಕಶಾಸ್ತ್ರಕ್ಕೆ ಸಂಬಂಧಿಸಿದ ಗ್ರಂಥಗಳಿಗೆ ಕೊರತೆಯಿಲ್ಲ. ಸುಮಾರು ಕ್ರಿ. ಶ. ೧೦೨೫ರಲ್ಲಿ ಎರಡನೆಯ ಚಾವುಂಡರಾಯನು ತನ್ನ ಲೋಕೋಪಕಾರದಲ್ಲಿ ಸೂಪಶಾಸ್ತ್ರಕ್ಕಾಗಿ ಒಂದು ಅಧ್ಯಾಯವನ್ನು ಮೀಸಲಿರಿಸಿದನು. ಅದಾಗಿ ಒಂದು ಶತಮಾನಕ್ಕೆ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸದಲ್ಲಿ ಅನ್ನಭೋಗವನ್ನು ವಿಸ್ತಾರವಾಗಿ ವರ್ಣಿಸಿದನು. ಹದಿನಾರನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸನು ಸೂಪಶಾಸ್ತ್ರವೆಂಬ ಸ್ವತಂತ್ರ ಗ್ರಂಥವನ್ನೇ ಷಟ್ಪದಿಯಲ್ಲಿ ರಚಿಸಿದನು. ಪಶ್ಚಿಮ ಕರಾವಳಿಯನ್ನು ಆಳಿದ ಕೆಳದಿಯ ಅರಸರಲ್ಲಿ ಬಸವಪ್ಪನಾಯಕನ ಶಿವತತ್ತ್ವರತ್ನಾಕರದಲ್ಲಿಯೂ ಪಾಕವಿಚಾರವು ಬಂದಿದೆ. ಈ ಗ್ರಂಥಗಳಿಗೆಲ್ಲ ಸಮಾನವಾದ ಒಂದು ಲಕ್ಷಣವುಂಟು. ತುಪ್ಪ, ಸಕ್ಕರೆ, ಇಂಗು, ಏಲಕ್ಕಿಗಳು ಕೈಯಳತೆಯಲ್ಲಿಯೇ ಇರುವ ಅಡಿಗೆಮನೆ ಇವುಗಳಲ್ಲಿ ಗೃಹೀತವಾಗಿದೆ. ಇರುವುದರಿಂದ ಏನೇನು ಮಾಡಬಹುದೆಂಬುದನ್ನು ಇವು ಹೇಳುತ್ತವೆ. ಇಲ್ಲದಾಗ ಏನು ಮಾಡಬೇಕೆಂಬ ಪ್ರಶ್ನೆ ಇವುಗಳಲ್ಲಿ ಎದ್ದೇ ಇಲ್ಲ.

ಇಲ್ಲದಾಗಿನ ವಿಚಾರವು ಶಾಸ್ತ್ರಗಳಲ್ಲಿ ಬೇರೊಂದೆಡೆ ಬಂದಿದೆ. ಛಾಂದೋಗ್ಯೋಪನಿಷತ್ತಿನ ಮೊದಲನೆಯ ಅಧ್ಯಾಯದಲ್ಲಿ ಚಾಕ್ರಾಯಣನಾದ ಉಷಸ್ತಿಯ ಕಥೆಯುಂಟು. ಕುರುದೇಶದ ಬೆಳೆಯು ಹಾಳಾದಾಗ (ಅದು ಆಲಿಕಲ್ಲಿನಿಂದಲೋ ಕ್ರಿಮಿಕೀಟಗಳಿಂದಲೋ ಎಂಬಲ್ಲಿ ವ್ಯಾಖ್ಯಾತೃಗಳಿಗೆ ಮತಭೇದವಿದೆ) ಆತನು ಪತ್ನಿಯಾದ ಆಟಿಕಿಯೊಡನೆ ಇಭ್ಯಗ್ರಾಮದಲ್ಲಿ ದುರ್ಗತಿಯಿಂದ ವಾಸಿಸುತ್ತಿದ್ದನು. ಒಬ್ಬನು ತಿನ್ನುತ್ತಿದ್ದ ಕುಲ್ಮಾಷಗಳನ್ನು ಬೇಡಿ, ಆತನ ಎಂಜಲನ್ನೇ ಸ್ವೀಕರಿಸಿ ತಿಂದನು. ಆದರೆ ಎಂಜಲು ನೀರನ್ನು ಮಾತ್ರ ಒಲ್ಲೆನೆಂದನು. ಕಾಳಿಲ್ಲದಿದ್ದರೆ ಪ್ರಾಣ ನಿಲ್ಲದು, ನೀರಾದರೋ ಬೇಕೆಂದಲ್ಲಿ ದೊರೆಯುತ್ತದೆ ಎಂಬುದು ಆತನು ಹೇಳಿದ ಕಾರಣ. ಕುಲ್ಮಾಷವೆಂದರೆ ಕುತ್ಸಿತವಾದ ಉದ್ದು ಎಂದು ಶಂಕರಾಚಾರ್ಯರು ಅರ್ಥೈಸಿದ್ದಾರೆ. ಅಮರಕೋಶದ ವೈಶ್ಯವರ್ಗದಲ್ಲಿ ಕಾಂಜಿಕದ, ಎಂದರೆ ಹುಳಿಗಂಜಿಯ, ಪರ್ಯಾಯಗಳ ನಡುವೆಯೂ ಈ ಶಬ್ದವು ಕಾಣುತ್ತದೆ. ಹೇಗಿದ್ದರೂ ಅದು ಬಡವನ ಆಹಾರವೆಂಬುದರಲ್ಲಿ ಸಂದೇಹವಿಲ್ಲ.

ಈ ಕಥೆಯಲ್ಲಿ ಸಾಮಾನ್ಯವಾಗಿ ಎತ್ತಿ ಹೇಳುವುದು ಆಪದ್ಧರ್ಮದ ಮಿತಿಯನ್ನು. ಆದರೆ ಕಥೆಯು ಅಲ್ಲಿಗೆ ಮುಗಿಯುವುದಿಲ್ಲ. ಉಷಸ್ತಿಯು ತಿಂದು ಉಳಿದುದನ್ನು ಪತ್ನಿಗೆ ತಂದುಕೊಟ್ಟನು. ಆಕೆಗೆ ಅಷ್ಟರಲ್ಲಿ ಭಿಕ್ಷೆಯು ದೊರೆತಿದ್ದುದರಿಂದ ಅದನ್ನು ತೆಗೆದಿರಿಸಿದಳು. ಮರುದಿನ ಬೆಳಗ್ಗೆ, ತುಸು ಅನ್ನವಿದ್ದರೆ ರಾಜನ ಯಜ್ಞಕ್ಕೆ ಹೋಗಿ ಧನವನ್ನು ಸಂಪಾದಿಸಬಹುದಿತ್ತೆಂದು ಪತಿಯು ಹಂಬಲಿಸಿದಾಗ, ತೆಗೆದಿರಿಸಿದ ಅದೇ ಕಾಳನ್ನು ಆಕೆಯು ಮುಂದಿರಿಸಿದಳು. ಯಜ್ಞಶಾಲೆಯಲ್ಲಿ ಉಷಸ್ತಿಯು ಆಡಿದ ಮಾತುಗಳು ಉಪನಿಷತ್ತಿಗೆ ಸೇರಿದುವು. ತೆಗೆದಿರಿಸಿದವಳ ಕಾರ್ಯವು ಒಂದು ಕ್ರಿಯಾಪದದಲ್ಲಿ ಮುಗಿಯಿತು. ಬಡವರ ಪಾಕಕ್ರಮದ ಚರಿತ್ರೆಯೆಂದರೆ ಬಹುಮಟ್ಟಿಗೆ ಈ ಕ್ರಿಯಾಪದದ ಚರಿತ್ರೆ. ದಕ್ಷಿಣ ಕನ್ನಡದ ಉಪ್ಪಿನಂಗಡಿ ಸೀಮೆಯನ್ನು ಉದಾಹರಣೆಯಾಗಿಟ್ಟುಕೊಂಡು ಅದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

೨

ನೇತ್ರಾವತಿ ಕುಮಾರಧಾರಾ ನದಿಗಳ ಸಂಗಮದಲ್ಲಿ, ಸಹಸ್ರಲಿಂಗೇಶ್ವರ ದೇವಾಲಯದ ಬಳಿಯಲ್ಲಿ, ಉಪ್ಪಿನಂಗಡಿಯ ಪೇಟೆಯಿದೆ. ಈಗಿನ ಪುತ್ತೂರು, ಸುಳ್ಯ, ಕಡಬ, ಬೆಳ್ತಂಗಡಿ ತಾಲ್ಲೂಕುಗಳ ಬಹುಭಾಗವು ಆಂಗ್ಲರ ಆಳಿಕೆಯಲ್ಲಿ ಉಪ್ಪಿನಂಗಡಿ ತಾಲ್ಲೂಕೆಂಬ ಹೆಸರಿನಿಂದಲೇ ನಡೆಯುತ್ತಿತ್ತು. ೧೭೯೯ರಲ್ಲಿ ಕೆನರಾ ಸೀಮೆಯು ಕಂಪೆನಿ ಸರಕಾರದ ವಶವಾಯಿತು. ೧೮೬೨ರಲ್ಲಿ ಅದರ ಉತ್ತರಭಾಗವು ಮುಂಬಯಿ ಪ್ರಾಂತಕ್ಕೆ ಸೇರಿತು. ದಕ್ಷಿಣಭಾಗವು ೧೯೫೬ರ ವರೆಗೆ ಮದರಾಸಿನ ಆಡಳಿತದಲ್ಲಿಯೇ ಉಳಿಯಿತು.

ಊರಿಗೆ ಎರಡು ಹೆಸರುಗಳಿರುವುದು ಗಮನಾರ್ಹವಾಗಿದೆ. ತುಳುವರು ಇದನ್ನು ಉಬಾರ್ ಎನ್ನುತ್ತಾರೆ. ಉಪ್ಪಿನಂಗಡಿಯೆಂಬುದು ಕನ್ನಡದ ಹೆಸರು. ಉಪ್ಪಿನ ಅಂಗಡಿಯೆಂದು ಅದರ ಅರ್ಥವು ಸ್ಪಷ್ಟವಾಗಿಯೇ ಇದೆ. ಕಡಲತಡಿಯ ಸರಕು ನೇತ್ರಾವತಿಯ ಜಾಡನ್ನು ಹಿಡಿದು ಮೇಲೆ ಬರುತ್ತಿತ್ತು. ಅಲ್ಲಿಂದ ಹೇರೆತ್ತುಗಳ ಬೆನ್ನಿನ ಮೇಲೆ ಘಟ್ಟದ ಕಡೆಗೆ ಸಾಗುತ್ತಿತ್ತು. ಶಿರಾಡಿ, ಬಿಸಿಲೆ, ಸಂಪಾಜೆಯ ಕಣಿವೆಗಳು ಈ ಸೀಮೆಯ ಮೂಡಣ ಬಾಗಿಲುಗಳು. ಘಟ್ಟದ ಮೇಲಿನ ನಾಡುಗಳಲ್ಲಿಯೂ ಕೊಡಗಿನಲ್ಲಿಯೂ ಉಪ್ಪು ಹುಟ್ಟುವುದಿಲ್ಲವಾದುದರಿಂದ ಕರಾವಳಿಯ ಉಪ್ಪಿಗೆ ಅಲ್ಲಿ ಸದಾ ಬೇಡಿಕೆಯಿತ್ತು. ನೆಲದವರು ಊರನ್ನು ತಮ್ಮ ಹೆಸರಿನಿಂದ ಕರೆದರು. ದಾರಿಯವರು ತಾವು ಕೊಂಡ ಸರಕಿನಿಂದ ಗುರುತಿಸಿದರು ಎಂದು ಊಹಿಸಲು ಅವಕಾಶವಿದೆ.

ಈ ಹೆಸರು ಪ್ರಕೃತ ವಿಷಯಕ್ಕೆ ಮುಖ್ಯವಾದುದು. ಹಿಂದಿನ ಕಾಲದಲ್ಲಿ ಈ ಸೀಮೆಯ ಸಾಮಾನ್ಯ ಒಕ್ಕಲಿನ ಮನೆಯಲ್ಲಿ ನಾಣ್ಯವು ಅಪರೂಪ. ಅಕ್ಕಿ, ತೆಂಗು, ಹಲಸು, ಮಾವು, ಸೊಪ್ಪು, ಗೆಡ್ಡೆಗಳು ಹಿತ್ತಿಲಲ್ಲಿಯೋ ಗುಡ್ಡದಲ್ಲಿಯೋ ಬೆಳೆಯುತ್ತಿದ್ದುವು. ಪಾತ್ರೆಯನ್ನು ಕುಂಬಾರನು, ಕತ್ತಿಯನ್ನು ಕಮ್ಮಾರನು ಅಕ್ಕಿಗೆ ಕೊಡುತ್ತಿದ್ದರು. ಅಡಿಗೆಗೆ ಬೇಕಾದುವುಗಳಲ್ಲಿ ಹೊರಗಿನಿಂದ ಬರಲೇಬೇಕಾದುದು, ಮನೆಯ ಯಾವ ಜಾಣ್ಮೆಗೂ ಬದಲಿ ದೊರೆಯದುದು, ಉಪ್ಪು ಒಂದೇ. ಹುಣಸೆಯಿಲ್ಲದಿದ್ದರೆ ಪುನರ್ಪುಳಿಯುಂಟು, ಮೆಣಸಿಲ್ಲದಿದ್ದರೆ ಬೇಲಿಯ ಗಾಂಧಾರಿಮೆಣಸುಂಟು, ಬೇಳೆಯಿಲ್ಲದಿದ್ದರೆ ಹಲಸಿನ ಬೀಜವುಂಟು, ತೆಂಗಿನಕಾಯಿಯನ್ನು ಮಾರಬೇಕಾಗಿ ಬಂದರೆ ತೆಂಗಿಲ್ಲದ ಬೋಳುಹುಳಿಯುಂಟು. ಉಪ್ಪಿಗೆ ಉಪ್ಪೇ ಆಗಬೇಕು. ಉಪ್ಪಿಗಿಂತ ರುಚಿಯಿಲ್ಲವೆಂಬ ಗಾದೆಯು ಇಲ್ಲಿ ರುಚಿಯೊಂದನ್ನೇ ಕುರಿತುದಲ್ಲ. ಮನೆಯ ಆಯವ್ಯಯವನ್ನೂ ಕುರಿತುದು.

೩

ಬಡತನವು ಇಲ್ಲಿ ವರ್ಷವಿಡೀ ಒಂದೇ ತೆರನಾಗಿರಲಿಲ್ಲ, ಅದಕ್ಕೊಂದು ಮಾಸವಿತ್ತು. ತುಳುವರ ಸೌರಮಾನದ ಆಟಿ ತಿಂಗಳು, ಎಂದರೆ ಕರ್ಕಾಟಕ ಮಾಸವು, ಜುಲಾಯಿ ಮಧ್ಯದಿಂದ ಆಗಸ್ಟ್ ಮಧ್ಯದ ವರೆಗೆ ನಡೆಯುತ್ತದೆ. ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ ಸುಮಾರು ೪೦೦೦ ಮಿಲಿಮೀಟರು ಮಳೆ ಬೀಳುತ್ತದೆ; ಅದರ ಬಹುಭಾಗವು ಜೂನಿನಿಂದ ಸೆಪ್ಟೆಂಬರಿನ ಒಳಗೆ ಸುರಿದುಹೋಗುತ್ತದೆ. ಏಣೆಲು ಬೆಳೆಯ ನಾಟಿ ಮುಗಿದಿರುತ್ತದೆ. ಕೊಯ್ಲಿಗೆ ಇನ್ನೂ ಎರಡು ತಿಂಗಳಿರುತ್ತದೆ. ಸುಗ್ಗಿಯ ಅಕ್ಕಿ ತೀರುತ್ತ ಬಂದಿರುತ್ತದೆ. ಕೂಲಿಯವನಿಗೆ ಕೆಲಸವಿಲ್ಲ, ಹೊಳೆ ತುಂಬಿ ಹರಿಯುವುದರಿಂದ ಪೇಟೆಗೆ ದಾರಿಯಿಲ್ಲ. (ಉಷಸ್ತಿಯ ಪತ್ನಿಯ ಹೆಸರಿಗೂ ಈ ಮಾಸದ ಹೆಸರಿಗೂ ಇರುವ ಸಾದೃಶ್ಯವು ಕೇವಲ ಆಕಸ್ಮಿಕ, ಅದರ ಮೇಲೆ ಯಾವ ಸಿದ್ಧಾಂತವನ್ನೂ ಕಟ್ಟಲಾಗದು.) ಆಟಿ ಕಳೆಂಜನು ಮನೆಮನೆಗೆ ಬಂದು ಮಾರಿ ಕಳೆಯುವುದೂ, ಆಟಿ ಅಮಾವಾಸ್ಯೆಯಂದು ಹಾಲೆಮರದ ತೊಗಟೆಯ ಕಷಾಯವನ್ನು ಕುಡಿಯುವುದೂ ಈ ತಿಂಗಳ ಆಚಾರಗಳು. ರೋಗವೂ ಹಸಿವೂ ಜೊತೆಯಾಗಿ ಬರುವ ಕಾಲವಿದೆಂಬ ಅರಿವು ಇವುಗಳಲ್ಲಿ ಅಡಗಿದೆ.

ಅಕ್ಕಿಯನ್ನು ಬೆಳೆದವನೇ ಅಕ್ಕಿಯಿಲ್ಲದೆ ಇರಬೇಕಾದುದಕ್ಕೆ ಗೇಣಿಯ ಪದ್ಧತಿಯು ಮುಖ್ಯ ಕಾರಣ. ಭತ್ತದ ಹುಲ್ಲಿನಿಂದ ಬಿಗಿದು ಕಟ್ಟಿದ ಅಕ್ಕಿಮುಡಿಯು ಈ ನಾಡಿನ ಅಳತೆ. ೧೪ ಸೇರು ಒಂದು ಕಳಸಿಗೆ, ಮೂರು ಕಳಸಿಗೆ, ಎಂದರೆ ೪೨ ಸೇರು, ಒಂದು ಮುಡಿ. ಚಾಲಗೇಣಿಯ ಒಕ್ಕಲು ಇಷ್ಟು ಮುಡಿಯೆಂದು ಧಣಿಗೆ ಅಳೆದ ಬಳಿಕ ಉಳಿದುದೇ ಅವನ ಮನೆಯ ಅಕ್ಕಿ. ಬೆಳೆ ಚೆನ್ನಾಗಿ ಬಂದ ವರ್ಷವೂ ಅದು ಆಟಿಯನ್ನು ದಾಟುವುದು ದುರ್ಲಭವಾಗಿತ್ತು. ಭೂಮಿಯಿಲ್ಲದ ಕೂಲಿಯವನಿಗಾದರೋ ದಿನದ ಪಡಿಯೇ ದಿನದ ಊಟ. ಪಡಿಯಿಲ್ಲದ ದಿನ ಊಟವಿಲ್ಲ.

ಇದ್ದ ಅಕ್ಕಿಯನ್ನು ಹಿಗ್ಗಿಸುವುದು ಗೃಹಿಣಿಯ ಮೊದಲನೆಯ ಉಪಾಯ. ಚರಕಸಂಹಿತೆಯ ಸೂತ್ರಸ್ಥಾನದ ಎರಡನೆಯ ಅಧ್ಯಾಯದಲ್ಲಿ ೨೮ ಬಗೆಯ ಯವಾಗುಗಳು ಹೇಳಲ್ಪಟ್ಟಿವೆ. ಮಂಡ, ಪೇಯಾ, ವಿಲೇಪೀ ಎಂಬ ಭೇದಗಳು ನೀರಿನ ಹಾಗೂ ಅನ್ನದ ಪ್ರಮಾಣವನ್ನು ಅನುಸರಿಸಿದುವು. ವೈದ್ಯನು ರೋಗಿಯ ಅಗ್ನಿಬಲವನ್ನು ನೋಡಿ ಮಾಡಿದ ಈ ವಿಭಾಗವನ್ನು ಬಡವರ ಮನೆಯು ಅಕ್ಕಿಯ ಮಡಕೆಯನ್ನು ನೋಡಿ ಮಾಡಿಕೊಂಡಿತ್ತು. ಕುಚ್ಚಲಕ್ಕಿಯ ದಪ್ಪ ಗಂಜಿಯು ಸುಗ್ಗಿಯ ಕಾಲಕ್ಕೆ. ತಿಂಗಳುಗಳು ಉರುಳಿದಂತೆ ತಿಳಿಯು ಹೆಚ್ಚಿ ಅಗುಳು ಕಡಿಮೆಯಾಗುತ್ತ ಬರುತ್ತಿತ್ತು. ಅತಿಥಿಯು ಬಂದರೆ ಇನ್ನೊಂದು ಚೆಂಬು ನೀರು. ಅಕ್ಕಿಯನ್ನು ಕೇರಿದಾಗ ಬಂದ ನುಚ್ಚಿಗೆ ಬೇರೊಂದು ಗಂಜಿ. ರಾತ್ರಿ ಉಳಿದ ಅನ್ನಕ್ಕೆ ನೀರೆರೆದಿಟ್ಟು ಬೆಳಗ್ಗೆ ಮಜ್ಜಿಗೆಯೊಡನೆಯೋ ಬರಿಯ ಉಪ್ಪಿನೊಡನೆಯೋ ಉಣ್ಣುವ ತಂಗಳು ಗದ್ದೆಯ ಕೆಲಸದವನ ಉಪಾಹಾರ. ಉದ್ದಿಲ್ಲದ ನೀರುದೋಸೆಯೂ ಇದೇ ಜಾತಿಯದು. ಹಿಟ್ಟು ನೀರಾದಷ್ಟೂ ದೋಸೆಗಳ ಸಂಖ್ಯೆಯು ಹೆಚ್ಚುತ್ತದೆ. ಕಾಂಜಿಕವೆಂಬ ಸಂಸ್ಕೃತಶಬ್ದವು ದ್ರಾವಿಡದ ಕಂಜಿ, ಗಂಜಿ ಶಬ್ದಗಳಿಂದ ಹೋದುದೆಂದು ಭಾಷಾಶಾಸ್ತ್ರಜ್ಞರಲ್ಲಿ ಹಲವರ ಅಭಿಪ್ರಾಯ. ಅದು ನಿಜವಾದರೆ ಬಡವರ ಮಡಕೆಯಿಂದ ಕೋಶಕಾರರ ಶ್ಲೋಕಕ್ಕೆ ಏರಿದ ಶಬ್ದಗಳಲ್ಲಿ ಇದೂ ಒಂದು.

೪

ಎರಡನೆಯ ಉಪಾಯವು ಬೇಸಗೆಯನ್ನು ಮಳೆಗಾಲಕ್ಕೆ ಸಾಗಿಸುವುದು. ಉಪ್ಪಿನ ಮಹತ್ವವು ಇಲ್ಲಿಯೇ ಪೂರ್ಣವಾಗಿ ವ್ಯಕ್ತವಾಗುತ್ತದೆ.

ಹಲಸು ಈ ಸೀಮೆಯ ಬಡವರ ಎರಡನೆಯ ಗದ್ದೆ. ಉತ್ತು ಬಿತ್ತಬೇಕಾಗಿಲ್ಲ, ಗೇಣಿಯ ಲೆಕ್ಕಕ್ಕೆ ಸಾಮಾನ್ಯವಾಗಿ ಸೇರುತ್ತಿರಲಿಲ್ಲ. ಎಳೆಯ ಗುಜ್ಜೆಯಿಂದ ಮೊದಲ್ಗೊಂಡು ಹಣ್ಣಿನ ವರೆಗೆ ಅದರ ಪ್ರತಿಯೊಂದು ಅವಸ್ಥೆಗೂ ಒಂದೊಂದು ಪಾಕವಿದೆ. ಗುಜ್ಜೆಯ ಪಲ್ಯ, ಬೆಳೆದ ಕಾಯಿಯ ಹುಳಿ, ಸೊಳೆಯನ್ನು ಬೇಯಿಸಿ ಕುಟ್ಟಿ ತಟ್ಟಿದ ಹಪ್ಪಳ, ಹಣ್ಣಿಗೆ ಅಕ್ಕಿಯನ್ನು ಬೆರಸಿ ಎಲೆಯಲ್ಲಿ ಬೇಯಿಸಿದ ಕೊಟ್ಟಿಗೆ ಮೊದಲಾದುವು ಪ್ರಸಿದ್ಧವಾಗಿವೆ. ರೆಚ್ಚೆಯು ದನಕ್ಕೆ, ಎಲೆಯು ಕಡುಬಿನ ಪಾತ್ರೆಗೆ. ಆದರೆ ಹಲಸಿಗೊಂದು ದೋಷವುಂಟು. ಅದು ಕೆಲವೇ ವಾರಗಳಲ್ಲಿ ಒಮ್ಮೆಗೇ ಬಲಿಯುತ್ತದೆ. ಮಳೆ ಬಿದ್ದ ಮೇಲೆ ಹಣ್ಣು ನೀರಾಗಿ ಕೊಳೆಯುತ್ತದೆ. ಹೊಟ್ಟೆ ಹಿಡಿಸದಷ್ಟು ಇರುವ ಕಾಲಕ್ಕೂ ಏನೂ ಇಲ್ಲದ ಕಾಲಕ್ಕೂ ಅಂತರವು ಎರಡೇ ತಿಂಗಳು.

ಈ ಅಂತರದ ಸೇತುವೆಯೇ ಉಪ್ಪುಸೊಳೆ. ಬಲಿತ ಬಕ್ಕೆಹಲಸಿನ ಕಾಯಿಯನ್ನು ಸೀಳಿ, ಸೊಳೆಗಳನ್ನು ಬಿಡಿಸಿ, ಬೀಜವನ್ನು ತೆಗೆದು, ಭರಣಿಯಲ್ಲಿ ಒಂದು ಪದರ ಸೊಳೆ ಒಂದು ಪದರ ಉಪ್ಪಿನಂತೆ ತುಂಬಿ, ಮೇಲೆ ಭಾರವಿಟ್ಟು ಬಾಯಿ ಕಟ್ಟುತ್ತಾರೆ. ಉಪ್ಪು ಸೊಳೆಯ ನೀರನ್ನು ಹೊರಗೆಳೆಯುತ್ತದೆ. ಆ ನೀರಿನಲ್ಲಿಯೇ ಸೊಳೆಗಳು ಮುಳುಗಿ ನಿಲ್ಲುತ್ತವೆ. ಕೊಳೆಸುವ ಜೀವಾಣುಗಳು ಅಲ್ಲಿ ಬೆಳೆಯಲಾರವು. ಆಟಿಯಲ್ಲಿ ಬೇಕಾದಷ್ಟನ್ನು ತೆಗೆದು, ತೊಳೆದು, ಸಿಹಿನೀರಿನಲ್ಲಿ ನೆನೆಸಿಟ್ಟು, ಉಪ್ಪನ್ನು ಕಳೆದು, ಪಲ್ಯವನ್ನೋ ರೊಟ್ಟಿಯನ್ನೋ ಮಾಡುತ್ತಾರೆ. ಲವಣವನ್ನು ಅತಿಯಾಗಿ ಸೇವಿಸಬಾರದೆಂದು ಚರಕನು ವಿಮಾನಸ್ಥಾನದಲ್ಲಿ ಎಚ್ಚರಿಸಿದ್ದಾನೆ. ಅದನ್ನು ಓದದ ಹೆಂಗಸರು ಸೊಳೆಯನ್ನು ಎರಡು ಮೂರು ನೀರಿನಲ್ಲಿ ತೊಳೆಯುವ ಕ್ರಮವನ್ನು ತಾವಾಗಿ ಕಂಡುಕೊಂಡಿದ್ದರು. ತುಸು ಅಕ್ಕಿಯೊಡನೆ ಅರೆದು ಕರಿದ ಉಂಡಲಕಾಳು ಇದರದೇ ವಿಲಾಸರೂಪ. ಎಣ್ಣೆಯಿದ್ದ ಮನೆಯಲ್ಲಿ ಮಾತ್ರ ಅದು ಸಾಧ್ಯ.

ಬೀಜಗಳಿಗೆ ಕೆಮ್ಮಣ್ಣನ್ನು ಬಳಿದು ಒಣಗಿಸಿ ಕತ್ತಲೆಯ ಮೂಲೆಯಲ್ಲಿ ಕೂಡಿಡುತ್ತಿದ್ದರು. ಉಪ್ಪುನೀರಿನಲ್ಲಿ ಬೇಯಿಸಿ ಬಿಸಿಲಿನಲ್ಲಿ ಒಣಗಿಸಿದರೆ ಅದಕ್ಕೆ ಸಾಂತಾಣಿಯೆಂದು ಹೆಸರು. ಬೇಳೆಯನ್ನು ಕೊಳ್ಳಲಾರದ ಮನೆಯ ಹುಳಿಗೆ ಹಲಸಿನ ಬೀಜವೇ ಬೇಳೆ. ಕಾಟುಮಾವಿನ ಕಾಯಿಗಳನ್ನು ಉಪ್ಪುನೀರಿನಲ್ಲಿ ಹಾಕಿಟ್ಟರೆ ಮಳೆಗಾಲದ ಗೊಜ್ಜು. ಅದೂ ತೀರಿದರೆ ಭರಣಿಯ ತಳದ ಉಪ್ಪುನೀರೇ ಗಂಜಿಯ ನಂಜಿಕೆ. ಮೀನು ತಿನ್ನುವ ಮನೆಗಳಲ್ಲಿ ಕಡಲತಡಿಯಿಂದ ಬಂದ ಒಣಮೀನಿನ ಒಂದು ತುಂಡನ್ನು ಕೆಂಡದಲ್ಲಿ ಸುಟ್ಟರೆ ಒಂದು ಸಂಸಾರದ ಗಂಜಿಗೆ ಸಾಕಾಗುತ್ತಿತ್ತು. ಅದೂ ಉಪ್ಪಿನದೇ ಪ್ರಸಾದ. ಜಾತಿಯಿಂದ ಜಾತಿಗೆ ಭಕ್ಷ್ಯಾಭಕ್ಷ್ಯಗಳು ಬೇರೆಯಾದರೂ ಉಪಾಯವು ಒಂದೇ ಎಂಬುದನ್ನು ಇಲ್ಲಿ ಲಕ್ಷಿಸಬೇಕು. ವಿಪ್ರನ ಉಪ್ಪುಸೊಳೆಗೂ ಬಂಟ, ಬಿಲ್ಲವ, ಬ್ಯಾರಿಗಳ ಒಣಮೀನಿಗೂ ತತ್ತ್ವದಲ್ಲಿ ಭೇದವಿಲ್ಲ.

ಉಪ್ಪು ಬೇಡದ ಉಗ್ರಾಣವೂ ಒಂದಿತ್ತು. ಬೇಸಗೆಯ ಗದ್ದೆಯಲ್ಲಿ ಬೆಳೆದ ಸೌತೆಕಾಯಿಗಳನ್ನು ಬಾಳೆಯ ನಾರಿನಿಂದ ಕಟ್ಟಿ ಅಟ್ಟದ ಕೆಳಗೆ ಸಾಲಾಗಿ ತೂಗಹಾಕುತ್ತಿದ್ದರು. ಕುಂಬಳವೂ ಹಾಗೆಯೇ. ಒಲೆಯ ಹೊಗೆಯು ತಾಗುವಲ್ಲಿ ಅವು ತಿಂಗಳುಗಟ್ಟಲೆ ಕೆಡದೆ ನಿಲ್ಲುತ್ತಿದ್ದುವು. ಮನೆಯೊಳಗೆ ಕಾಲಿಟ್ಟವನು ಮೇಲೆ ನೋಡಿದರೆ ಸಾಕು. ತೂಗುವ ಸೌತೆಗಳ ಎಣಿಕೆಯಿಂದ ಆ ಮನೆಯ ಮಳೆಗಾಲವನ್ನು ಅಳೆಯಬಹುದಾಗಿತ್ತು.

೫

ಮೂರನೆಯ ಉಪಾಯವು ನೆಟ್ಟು ಬೆಳೆಸದುದನ್ನು ಉಣ್ಣುವುದು. ಮೊದಲ ಮಳೆಗೆ ದಾರಿಯ ಬದಿಯಲ್ಲೆಲ್ಲ ಏಳುವ ತಗಟೆಸೊಪ್ಪು (ಸಂಸ್ಕೃತದ ಚಕ್ರಮರ್ದ, ತುಳುವಿನ ತಜಂಕ್), ಗದ್ದೆಯ ಹುಣಿಯ ತಿಮರೆ, ತೋಡಿನ ಬದಿಯ ಕೆಸು, ಬಿದಿರುಮೆಳೆಯ ಕಣಿಲೆ, ಗೊನೆ ಕಡಿದ ಬಾಳೆಯ ದಿಂಡು, ಹೂವು, ಕಡೆಗೆ ಕಾಯಿಯ ಸಿಪ್ಪೆ ಇವೆಲ್ಲ ಆಟಿಯ ತರಕಾರಿಗಳು. ತಂಬುಳಿಯೆಂಬ ಶಬ್ದವು ತಣ್, ಪುಳಿ ಎಂಬೆರಡರ ಸಮಾಸ; ಬೇಯಿಸಬೇಕಾಗಿಲ್ಲದ ತಣ್ಣನೆಯ ಹುಳಿಯೆಂದರ್ಥ. ಒಂದು ಹಿಡಿ ಚಿಗುರು, ಒಂದು ತುಂಡು ಕಾಯಿ, ಒಂದು ಸೌಟು ಮಜ್ಜಿಗೆಯಿದ್ದರೆ ಆಯಿತು. ನೆನೆದ ಸೌದೆಯನ್ನು ಊದಿ ಊದಿ ಒಲೆಹೊತ್ತಿಸುವ ತೊಂದರೆಯೂ ಅಷ್ಟು ತಪ್ಪಿತು. ಬೋಳುಹುಳಿಯಲ್ಲಿ ಬೋಳು ಎಂಬ ವಿಶೇಷಣವು ತೆಂಗಿಲ್ಲದಿರುವುದನ್ನು ಮುಚ್ಚುಮರೆಯಿಲ್ಲದೆ ಸಾರುತ್ತದೆ. ಪಾಕದ ಹೆಸರಿನಲ್ಲಿಯೇ ಅಭಾವವನ್ನು ಹೇಳಿಬಿಡುವ ಈ ನಿಸ್ಸಂಕೋಚವು ಅರಮನೆಯ ಸೂಪಶಾಸ್ತ್ರಗಳಿಗೆ ಅಪರಿಚಿತವಾದುದು.

ಈ ವನಾಹಾರವು ಕಣ್ಣು ಮುಚ್ಚಿ ಕಿತ್ತು ತಿನ್ನುವುದಲ್ಲ. ಕೆಸುವಿನಲ್ಲಿ ಸೂಜಿಯಂತಹ ಸುಣ್ಣದ ಹರಳುಗಳಿವೆ. ಹದವರಿಯದೆ ತಿಂದರೆ ನಾಲಗೆ, ಗಂಟಲು ತುರಿಸುತ್ತವೆ. ಆದುದರಿಂದ ಪತ್ರೊಡೆಗೆ ಹುಳಿಯನ್ನು ಧಾರಾಳವಾಗಿ ಹಾಕಿ ಬಹಳ ಹೊತ್ತು ಹಬೆಯಲ್ಲಿ ಬೇಯಿಸುತ್ತಾರೆ. ಎಳೆಯ ಕಣಿಲೆಯಲ್ಲಿ ವಿಷಾಂಶವಿದೆ. ಹೆಚ್ಚಿ, ಎರಡು ಮೂರು ದಿನ ನೀರನ್ನು ಬದಲಿಸುತ್ತ ನೆನೆಸಿದಲ್ಲದೆ ಅದು ಅಡಿಗೆಗೆ ಬಾರದು. ಕಹಿಯಾದ ಕಾಡುಗೆಣಸುಗಳನ್ನು ಹೆಚ್ಚಿ ಬೇಯಿಸಿ ಹರಿಯುವ ತೋಡಿನಲ್ಲಿ ಇಡುತ್ತಿದ್ದುದೂ ಇದೇ ಕಾರಣದಿಂದ. ಬೈನೆಮರದ ತಿರುಳನ್ನು ಕುಟ್ಟಿ, ನೀರಿನಲ್ಲಿ ಕದಡಿ, ಸೋಸಿ, ತಳದಲ್ಲಿ ಕುಳಿತ ಹಿಟ್ಟನ್ನು ಒಣಗಿಸಿ ಗಂಜಿ ಮಾಡುತ್ತಿದ್ದುದು ಅಕ್ಕಿಯು ಪೂರ್ಣವಾಗಿ ತೀರಿದಾಗಿನ ಕೊನೆಯ ಉಪಾಯ. ಈ ಒಂದೊಂದು ಕ್ರಮದ ಹಿಂದೆಯೂ ಹದ ತಪ್ಪಿ ಸಂಕಟಪಟ್ಟವರ ಅನುಭವವಿರಬೇಕು. ಅವರ ಹೆಸರುಗಳು ಯಾವ ಗ್ರಂಥದಲ್ಲಿಯೂ ಇಲ್ಲ. ಅವರು ಕಲಿತುದು ಮಾತ್ರ ತಾಯಿಯಿಂದ ಮಗಳಿಗೆ ಸಾಗಿಬ೦ದಿತು.

೬

ಉಪ್ಪು ಒಂದನ್ನೇ ಹಣಕ್ಕೆ ಕೊಳ್ಳುತ್ತಿದ್ದ ಈ ಸಂಸಾರವ್ಯವಸ್ಥೆಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಎರಡು ಕಡೆಗಳಿಂದ ಪೆಟ್ಟು ಬಿದ್ದಿತು. ಕಂಪೆನಿ ಸರಕಾರವು ಮದರಾಸು ಪ್ರಾಂತದಲ್ಲಿ ೧೮೦೫ರಲ್ಲಿ ಉಪ್ಪಿನ ಏಕಸ್ವಾಮ್ಯವನ್ನು ಸ್ಥಾಪಿಸಿ, ಸ್ವಲ್ಪ ಕಾಲದಲ್ಲಿಯೇ ಅದನ್ನು ಕೆನರಾಕ್ಕೂ ವಿಸ್ತರಿಸಿತು. ಬದಲಿಯಿಲ್ಲದ ಏಕೈಕ ವಸ್ತುವಿನ ಬೆಲೆಯು ಹೀಗೆ ಸರಕಾರದ ಕೈಸೇರಿತು. ಎರಡನೆಯದು ಕಂದಾಯದ ವಿಷಯ. ೧೮೩೪ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಬಳಿಕ, ಅದುವರೆಗೆ ಕೊಡಗಿನ ಅರಸರಿಗೆ ಸೇರಿದ್ದ ಅಮರ ಸುಳ್ಯದ ಪ್ರದೇಶವನ್ನು ಕೆನರಾಕ್ಕೆ ಕೂಡಿಸಲಾಯಿತು. ಕೊಡಗಿನ ಆಳಿಕೆಯಲ್ಲಿ ಧಾನ್ಯರೂಪವಾಗಿ ಸಲ್ಲುತ್ತಿದ್ದ ಕಂದಾಯವನ್ನು ಇನ್ನು ನಾಣ್ಯರೂಪವಾಗಿ ತೆರಬೇಕೆಂದಾಯಿತು.

೧೮೩೭ರ ಮಾರ್ಚ್ ಕೊನೆಯಲ್ಲಿ ಸುಳ್ಯದ ಕಡೆಯಿಂದ ಹೊರಟು, ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು, ಏಪ್ರಿಲ್ ಮೊದಲ ವಾರದಲ್ಲಿ ಮಂಗಳೂರನ್ನೇ ಸೇರಿದ ರೈತರ ದಂಗೆಯು ಕಲ್ಯಾಣಪ್ಪನ ಕಾಟಕಾಯಿಯೆಂದು ಹೆಸರಾಗಿದೆ. ಅದರ ಕಾರಣಗಳಲ್ಲಿ ನಗದು ಕಂದಾಯವನ್ನೂ ಉಪ್ಪು ಹೊಗೆಸೊಪ್ಪುಗಳ ಏಕಸ್ವಾಮ್ಯವನ್ನೂ ಇತಿಹಾಸಕಾರರು ಎಣಿಸಿದ್ದಾರೆ. ರಾಜವಂಶದ ಅಭಿಮಾನ, ಮುಖಂಡರ ಸ್ವಾರ್ಥ ಮುಂತಾದ ಬೇರೆ ಕಾರಣಗಳೂ ಇದ್ದುವು. ಆದರೆ ಈ ಎರಡು ಕಾರಣಗಳ ಭಾರವು ಅಡಿಗೆಮನೆಯಿಂದ ನೋಡಿದವರಿಗೆ ಚೆನ್ನಾಗಿ ತಿಳಿಯುತ್ತದೆ. ಕಂದಾಯಕ್ಕೆ ನಾಣ್ಯ ಬೇಕಾದರೆ ಸುಗ್ಗಿಯಲ್ಲಿಯೇ, ಬೆಲೆಯಿಳಿದ ಹೊತ್ತಿನಲ್ಲಿ, ಅಕ್ಕಿಯನ್ನು ಮಾರಬೇಕು. ಮಾರಿದರೆ ಆಟಿಗೆ ಅಕ್ಕಿಯಿಲ್ಲ. ಅಕ್ಕಿಯಿಲ್ಲದ ಆಟಿಗೆ ಉಪ್ಪುಸೊಳೆಯೇ ಗತಿ. ಉಪ್ಪುಸೊಳೆಗೆ ಉಪ್ಪು ಬೇಕು. ಉಪ್ಪಿಗೂ ನಾಣ್ಯವೇ ಬೇಕು. ಈ ಚಕ್ರದಲ್ಲಿ ಸಿಕ್ಕಿದ ಮನೆಗೆ ಹಿತ್ತಿಲ ತುಂಬ ಹಲಸು ಹಣ್ಣಾಗಿ ಉದುರುತ್ತಿದ್ದರೂ ಹಸಿವು ತಪ್ಪುತ್ತಿರಲಿಲ್ಲ.

ಈ ಕಷ್ಟವು ಒಂದು ದಂಗೆಯಿಂದ ಮುಗಿಯಲಿಲ್ಲ. ೧೯೨೩ರಲ್ಲಿ ಉಪ್ಪಿನ ತೆರಿಗೆಯನ್ನು ಒಮ್ಮೆಗೇ ಇಮ್ಮಡಿಗೊಳಿಸಲಾಯಿತು. ಮರುವರ್ಷ ಅದನ್ನು ಮತ್ತೆ ಇಳಿಸಬೇಕಾಯಿತು. ಅದೇ ೧೯೨೩ರ ಮಳೆಗಾಲದಲ್ಲಿ ನೇತ್ರಾವತಿಯು ಉಕ್ಕಿ, ತುಳುವರು ಮಾರಿಬೊಳ್ಳವೆಂದು ಕರೆಯುವ ಮಹಾಪ್ರವಾಹವು ಬಂದಿತು. ೧೯೩೦ರ ಏಪ್ರಿಲಿನಲ್ಲಿ ಅಂಕೋಲೆಯ ಕಡಲತಡಿಯಲ್ಲಿ ಉಪ್ಪಿನ ಸತ್ಯಾಗ್ರಹವು ನಡೆದುದು ಸರ್ವವಿದಿತ. ಉಪ್ಪಿನಂತಹ ಅಲ್ಪವಸ್ತುವಿಗೆ ಇಷ್ಟು ದೊಡ್ಡ ಚಳುವಳಿಯೇಕೆಂದು ಆ ಕಾಲದಲ್ಲಿ ಹಾಸ್ಯಮಾಡಿದವರುಂಟು. ಹಣವಿಲ್ಲದ ಮನೆಯಲ್ಲಿ ಉಪ್ಪು ಅಲ್ಪವಸ್ತುವಲ್ಲವೆಂಬುದನ್ನು ಭರಣಿಗಳ ಸಾಲೇ ಹೇಳಬಲ್ಲುದು. ಆ ತೆರಿಗೆಯು ೧೯೪೭ರಲ್ಲಿ ರದ್ದಾಯಿತು.

೭

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪವನ್ನು ಪರಿಶೀಲಿಸಬೇಕು. ಹಲಸೂ ಕೆಸುವೂ ಎಲ್ಲರಿಗೂ ದೊರೆಯುವಂತಹವಾದರೆ ಈ ಸೀಮೆಯಲ್ಲಿ ನಿಜವಾದ ಹಸಿವು ಇತ್ತೆಂದು ಹೇಗೆ ಹೇಳುವುದು?

ಇದಕ್ಕೆ ಉತ್ತರವು ಮರದ ಒಡೆತನದಲ್ಲಿದೆ. ಗದ್ದೆ, ತೋಟ, ಹಿತ್ತಿಲುಳ್ಳವನ ಬಡತನವು ಬೇರೆ. ಏನೂ ಇಲ್ಲದವನ ಬಡತನವು ಬೇರೆ. ಪುತ್ತೂರಿನಲ್ಲಿ ದೀರ್ಘಕಾಲ ನೆಲಸಿದ್ದ ಶಿವರಾಮ ಕಾರಂತರ ಎರಡು ಕಾದಂಬರಿಗಳನ್ನು ಒಟ್ಟಿಗಿಟ್ಟು ಓದಿದರೆ ಈ ಭೇದವು ವಿಶದವಾಗುತ್ತದೆ. ಬೆಟ್ಟದ ಜೀವದ (೧೯೪೩) ಗೋಪಾಲಯ್ಯನು ಕುಮಾರಪರ್ವತದ ತಪ್ಪಲಲ್ಲಿ ಕಾಡನ್ನು ಕಡಿದು ತೋಟವನ್ನು ಮಾಡಿದವನು. ಪೇಟೆಯು ದೂರವಾದರೂ ಅವನ ಮನೆಗೆ ಬಂದ ಅತಿಥಿಯು ಹಸಿದು ಹೋಗುವುದಿಲ್ಲ. ಚೋಮನ ದುಡಿಯ (೧೯೩೩) ಚೋಮನಿಗೆ ಉಳಲು ಅಂಗೈಯಗಲ ನೆಲವೂ ಸಿಕ್ಕುವುದಿಲ್ಲ. ತೋಟದ ದೊರೆಯ ಸಾಲವು ಅವನ ಮಕ್ಕಳನ್ನು ಘಟ್ಟಕ್ಕೆ ಎಳೆಯುತ್ತದೆ. ಹಲಸಿನ ಮರವಿದ್ದವನಿಗೆ ಉಪ್ಪುಸೊಳೆಯು ಉಪಾಯ. ಮರವಿಲ್ಲದವನಿಗೆ ಅದೂ ಧಣಿಯ ದಯೆ. ಬಿದ್ದ ಹಣ್ಣನ್ನು ಎತ್ತುವುದಕ್ಕೂ ಅಪ್ಪಣೆ ಬೇಕು. ಆದುದರಿಂದಲೇ ಗುಡ್ಡದ ಗೆಣಸು, ತೋಡಿನ ಏಡಿ, ಬೈನೆಯ ಹಿಟ್ಟುಗಳು ಭೂಮಿಯಿಲ್ಲದವರ ಪಾಲಿಗೆ ಬಂದುವು. ಹಸಿವೆಯ ಕಟ್ಟಕಡೆಯ ವಿದ್ಯೆಯನ್ನು ಹೆಚ್ಚಾಗಿ ಬಲ್ಲವರು ಸಮಾಜವು ಕಟ್ಟಕಡೆಗೆ ಇರಿಸಿದವರೇ.

ಮನೆಯ ಒಳಗೂ ಭೇದವಿತ್ತು. ಗಂಡಸರಿಗೂ ಮಕ್ಕಳಿಗೂ ಅಗುಳು, ಬಡಿಸಿದವಳಿಗೆ ತಿಳಿ ಎಂಬುದು ಎಲ್ಲ ಜಾತಿಗಳ ಬಡಮನೆಗಳಿಗೂ ಸಮಾನವಾದ ಅಲಿಖಿತ ಶಾಸ್ತ್ರ. ಆಟಿಗಾಗಿ ವೈಶಾಖದಲ್ಲಿಯೇ ಲೆಕ್ಕ ಹಾಕಿ, ಇಷ್ಟು ಭರಣಿ ಸೊಳೆ, ಇಷ್ಟು ಬೀಜ, ಇಷ್ಟು ಹಪ್ಪಳವೆಂದು ತೆಗೆದಿರಿಸಿದವಳೂ ಅವಳೇ. ಎಲ್ಲರ ಊಟವಾದ ಮೇಲೆ ಮಡಕೆಯ ತಳವನ್ನು ನೋಡಿದವಳೂ ಅವಳೇ.

೮

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ವ್ಯವಸ್ಥೆಯು ಸಡಿಲವಾಯಿತು. ಎರಡನೆಯ ಮಹಾಯುದ್ಧದಲ್ಲಿ, ೧೯೪೨ರಲ್ಲಿ, ಬರ್ಮವು ಜಪಾನೀಯರ ವಶವಾಗಿ ಅಲ್ಲಿಯ ಅಕ್ಕಿ ಬರುವುದು ನಿಂತಾಗ ಮದರಾಸು ಪ್ರಾಂತದಲ್ಲಿ ಧಾನ್ಯದ ಹತೋಟಿಯೂ ಪಡಿತರವೂ ಆರಂಭವಾದುವು. ಅನಂತರದ ದಶಕಗಳಲ್ಲಿ ಪಡಿತರದ ಗೋಧಿಯು ಅನ್ನದ ನಾಡಿಗೆ ಕಾಲಿಟ್ಟಿತು. ೧೯೭೪ರ ಭೂಸುಧಾರಣೆಯಿಂದ ಗೇಣಿದಾರರು ಸಾವಿರಗಟ್ಟಲೆಯಾಗಿ ಭೂಮಿಯ ಒಡೆಯರಾದರು. ಅಕ್ಕಿಯ ಮುಡಿಯು ಧಣಿಯ ಅಂಗಳಕ್ಕೆ ಹೋಗುವುದು ನಿಂತಿತು. ಗದ್ದೆಗಳು ಕ್ರಮೇಣ ಅಡಕೆಯ ತೋಟಗಳಾದುವು. ನಾಣ್ಯವು ಮನೆಯನ್ನು ಹೊಕ್ಕಿತು. ನಾಣ್ಯದೊಡನೆ ನಾಣ್ಯದ ಅಪಾಯವೂ ಹೊಕ್ಕಿತೆನ್ನಬೇಕು. ೧೯೭೦ರ ಸುಮಾರಿಗೆ ಅಡಕೆಯ ಧಾರಣೆಯು ಕುಸಿದು ಬೆಳೆಗಾರರು ಕಂಗೆಟ್ಟುದೂ, ೧೯೭೩ರಲ್ಲಿ ಕ್ಯಾಂಪ್ಕೊ ಸಹಕಾರ ಸಂಸ್ಥೆಯು ಮಂಗಳೂರಿನಲ್ಲಿ ಸ್ಥಾಪಿತವಾದುದೂ ಇದಕ್ಕೆ ನಿದರ್ಶನ. ಒಂದೇ ಬೆಳೆಯ ಬೆಲೆಯನ್ನು ನೆಚ್ಚಿದ ಮನೆಗೆ ಬೆಲೆ ಬಿದ್ದ ವರ್ಷ ಮತ್ತೆ ಹಲಸಿನ ನೆನಪಾಯಿತು. ೨೦೨೦ರ ಸಾಂಕ್ರಾಮಿಕದ ದಿಗ್ಬಂಧನವು ಹಲಸಿನ ಕಾಲದಲ್ಲಿಯೇ ಬಂದು ಪೇಟೆಯ ದಾರಿಯನ್ನು ಮುಚ್ಚಿದಾಗಲೂ ಹಿತ್ತಿಲ ಹಲಸು ಅನೇಕ ಮನೆಗಳ ತರಕಾರಿಯಾಯಿತು.

ಈಗ ಪತ್ರೊಡೆಯೂ ಕಣಿಲೆಯೂ ಊಟದ ಮನೆಗಳಲ್ಲಿ ಬೆಲೆಯುಳ್ಳ ಭಕ್ಷ್ಯಗಳಾಗಿವೆ. ಆಟಿಯ ತಿನಿಸುಗಳನ್ನು ಸಾಲಾಗಿ ಬಡಿಸುವ ಉತ್ಸವಗಳು ಊರೂರಲ್ಲಿ ನಡೆಯುತ್ತಿವೆ. ಇದು ಸಂತೋಷಪಡತಕ್ಕುದೇ ಆದರೂ ಒಂದು ವಿವೇಕವು ಅವಶ್ಯಕ. ಬಡತನವನ್ನು ಹೊಗಳುವುದೂ ಬಡವರ ಜ್ಞಾನವನ್ನು ಹೊಗಳುವುದೂ ಒಂದೇ ಅಲ್ಲ. ಒಂದು ಎಲೆಯಲ್ಲಿ ಹತ್ತು ಬಗೆಯ ಆಟಿಯ ತಿನಿಸುಗಳು ಕೂಡಿದರೆ ಅದು ಆಟಿಯ ಊಟವಾಗುವುದಿಲ್ಲ. ಆಟಿಯಲ್ಲಿ ಆ ಹತ್ತರಲ್ಲಿ ಒಂದಿದ್ದರೆ ಅದೇ ಹಬ್ಬವಾಗಿತ್ತು. ಹಸಿವು ಹೋದುದು ಒಳ್ಳೆಯದಾಯಿತು. ಹಸಿವಿನೊಡನೆ ಅದನ್ನು ಗೆಲ್ಲುವ ವಿದ್ಯೆಯೂ ಹೋದರೆ ಅದು ನಷ್ಟ. ಯಾವ ಕಾಡುಗೆಣಸನ್ನು ಎಷ್ಟು ಹೊತ್ತು ನೀರಿನಲ್ಲಿಡಬೇಕು, ಯಾವ ಹಲಸಿನ ಸೊಳೆಗೆ ಎಷ್ಟು ಉಪ್ಪು ಹಿಡಿಯುತ್ತದೆ ಎಂಬುದನ್ನು ಬಲ್ಲ ವೃದ್ಧೆಯರು ಇನ್ನೂ ಕೆಲವರಿದ್ದಾರೆ. ಮಂಗರಸನ ಗ್ರಂಥದ ಪಾಠಾಂತರಗಳನ್ನು ಸಂಗ್ರಹಿಸುವಷ್ಟೇ ಶ್ರದ್ಧೆಯಿಂದ ಅವರ ಮಾತುಗಳನ್ನು ಸಂಗ್ರಹಿಸುವುದು ವಿದ್ವಾಂಸರ ಕರ್ತವ್ಯ. ತಾಳೆಗರಿಗೆ ಪ್ರತಿಯುಂಟು, ಇದಕ್ಕೆ ಪ್ರತಿಯಿಲ್ಲ.

ಉಷಸ್ತಿಯು ಕಾಳನ್ನು ತಿಂದು ನೀರನ್ನು ಬಿಟ್ಟನು. ಅನಿವಾರ್ಯವಾದುದಾವುದು, ಅಲ್ಲದುದಾವುದು ಎಂಬುದನ್ನು ಆತನು ಅರಿತಿದ್ದನು. ಉಪ್ಪಿನಂಗಡಿಯ ಸೀಮೆಯ ಗೃಹಿಣಿಯೂ ಅದನ್ನು ಅರಿತಿದ್ದಳು. ಕೈಯಲ್ಲಿದ್ದ ಒಂದೆರಡು ಕಾಸುಗಳನ್ನು ಉಪ್ಪಿಗೆ ಕೊಟ್ಟು, ಉಳಿದುದನ್ನೆಲ್ಲ ಹಿತ್ತಿಲಿನಿಂದ ತಂದು, ಆಟಿಕಿಯಂತೆ ನಾಳೆಗೆ ತೆಗೆದಿರಿಸಿದಳು.